ಅಟ್ಟದಲ್ಲಿ ಸಿಕ್ಕಿದ ಲೆದರ್ ಜಾಕೆಟ್ ಎಷ್ಟು ಹಳೇದು? ಕಾಲರ್, ಜಿಪ್ಪು, ಲೇಬಲ್ ನೋಡಿ ಹೇಳೋದು ಹೇಗೆ

ಸಕಲೇಶಪುರ, ಮೂಡಿಗೆರೆ ಕಡೆ ಹಳೇ ಎಸ್ಟೇಟ್ ಮನೆಗಳು ಒಂದೊಂದಾಗಿ ಹೋಮ್‌ಸ್ಟೇ ಆಗ್ತಿವೆ, ಹಂಗಾಗಿ ಎಷ್ಟೋ ವರ್ಷದಿಂದ ಯಾರೂ ಮುಟ್ಟದೆ ಇದ್ದ ಅಟ್ಟದ ಟ್ರಂಕುಗಳು ಕೆಳಗೆ ಇಳೀತಿವೆ, ಅದ್ರಲ್ಲಿ ಕಂಬಳಿ, ಹಳೇ ಗಮ್‌ಬೂಟು, ತೋಟಾ ಇಡೋ ಬೆಲ್ಟು ಇದ್ರ ಜೊತೆ ಅಜ್ಜಂದೋ ದೊಡ್ಡಪ್ಪಂದೋ ಒಂದು ಲೆದರ್ ಜಾಕೆಟ್ಟೂ ಇರತ್ತೆ. ಮೊದ್ಲಾಗಿದ್ರೆ ಅದು ತೋಟದ ಆಳಿಗೋ ಗುಜರಿಗೋ ಹೋಗ್ತಿತ್ತು. ಈಗ ಮನೆ ಹುಡುಗ್ರು ಫೋಟೋ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕ್ತಾರೆ, ತಕ್ಷಣ ಬೆಂಗಳೂರಿಂದ ಯಾರೋ "ವಿಂಟೇಜಾ ಬ್ರೋ? ಕೊಡ್ತೀರಾ?" ಅಂತ ಕೇಳ್ತಾರೆ. ಇನ್ನೊಂದು ಕಡೆ ಥ್ರಿಫ್ಟ್ ಪೇಜುಗಳಲ್ಲಿ ಕಪ್ಪಗಿರೋದು ಹಳೇದಿರೋದು ಎಲ್ಲದಕ್ಕೂ ವಿಂಟೇಜ್ ಅಂತ ಹೆಸರಿಟ್ಟು ಮಾರ್ತಾರೆ, ಚಳಿಗಾಲದಲ್ಲಿ ಮುಳ್ಳಯ್ಯನಗಿರಿಗೆ ಬೈಕ್ ಹತ್ತಿಸೋ ಹುಡುಗ್ರು ಅದನ್ನ ತಗೊಳ್ತಾರೆ. ಕೊಡೋನಿಗೂ ಗೊತ್ತಿಲ್ಲ, ತಗೊಳ್ಳೋನಿಗೂ ಗೊತ್ತಿಲ್ಲ.

ಒಂದೇ ಒಂದು ವಿಷಯ ತಲೇಲಿಟ್ಕೊಂಡ್ರೆ ಉಳಿದಿದ್ದೆಲ್ಲ ಸಲೀಸು. ಹಳೇ ಜಾಕೆಟ್ಟಿನಲ್ಲಿ ಬರೀ ಚೆಂದಕ್ಕೆ ಅಂತ ಇಟ್ಟಿದ್ದು ಬಹಳ ಕಮ್ಮಿ. ಕಾಲರ್ ಯಾಕೆ ಹಂಗಿದೆ, ಜಿಪ್ಪು ಯಾಕೆ ಓರೆಯಾಗಿದೆ, ಜಾಕೆಟ್ ಯಾಕೆ ಅಷ್ಟು ಗಿಡ್ಡ ಅನ್ನೋದೆಲ್ಲ ಅದನ್ನ ಹಾಕ್ಕೊಂಡೋನು ಎಲ್ಲಿ ಕೂತು ಏನು ಕೆಲ್ಸ ಮಾಡ್ತಿದ್ದ ಅನ್ನೋದ್ರಿಂದ ಬಂದಿದ್ದು. ಕೂರೋ ಜಾಗ ಬದಲಾದ ಹಾಗೆ ಜಾಕೆಟ್ಟೂ ಬದಲಾಯ್ತು.

ವಿಂಟೇಜ್ ಅಂದ್ರೆ ಎಷ್ಟು ಹಳೇದು

ಇದಕ್ಕೆ ಕಾನೂನು ಅಂತೇನೂ ಇಲ್ಲ. ಬಟ್ಟೆ ವ್ಯಾಪಾರದಲ್ಲಿ ಸಾಮಾನ್ಯವಾಗಿ 20 ವರ್ಷ ದಾಟಿದ್ರೆ ವಿಂಟೇಜ್ ಅಂತಾರೆ, 100 ವರ್ಷ ದಾಟಿದ್ರೆ ಆಂಟಿಕ್. ಆ ಲೆಕ್ಕದಲ್ಲಿ 2000ನೇ ಇಸವೀಲಿ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಲ್ಲಿ ತಗೊಂಡಿದ್ದೂ ಈಗ ವಿಂಟೇಜೇ. ಆದ್ರೆ ಸಂಗ್ರಹಕಾರರು ದುಡ್ಡು ಸುರಿಯೋದು ಅದಕ್ಕಲ್ಲ, ಅವರು ಹುಡುಕೋದು ಹೆಚ್ಚಾಗಿ 1930ರಿಂದ 1970ರ ದಶಕದ ಒಳಗಿನ ಮಾಲು, ಅದ್ರಲ್ಲೂ ಮಿಲಿಟರಿಯದ್ದು ಮತ್ತೆ ಬೈಕಿನವರದ್ದು. ಇನ್ನೊಂದು ಮಾತು ಬರತ್ತೆ, ರಿಪ್ರೊಡಕ್ಷನ್ ಅಂತ. ಹಳೇ ಮಾದರಿ ನೋಡ್ಕೊಂಡು ಹೊಸದಾಗಿ ಹೊಲಿದಿದ್ದು. ಜಪಾನಿನ ಬಜ್ ರಿಕ್ಸನ್ಸ್, ರಿಯಲ್ ಮೆಕಾಯ್ಸ್, ಬ್ರಿಟನ್ನಿನ ಏರೊ ಲೆದರ್, ಈಸ್ಟ್‌ಮನ್ ಇವರೆಲ್ಲ ಹಳೇ ಲೇಬಲ್ಲು, ಹಳೇ ನಮೂನೆ ಜಿಪ್ಪು ಸಮೇತ ಮಾಡ್ತಾರೆ. ಮೋಸ ಏನಲ್ಲ ಅದು, ಹೊಸದು ಅಂತ ಹೇಳೇ ಮಾರ್ತಾರೆ, ಬೆಲೇನೂ ಜೋರಾಗೇ ಇರತ್ತೆ. ಮೂರನೇ ಕೈಗೆ ಹೋದಾಗ ಮಾತ್ರ ಅದು ಇದ್ದಕ್ಕಿದ್ದ ಹಾಗೆ "ಒರಿಜಿನಲ್" ಆಗಿಬಿಡತ್ತೆ, ಅಲ್ಲಿ ಹುಷಾರಾಗಿರಬೇಕು.

ಮೊದ್ಲು ಚರ್ಮ ಯಾವ್ದು ನೋಡಿ

ಪ್ರಾಣಿ ಚರ್ಮ ಹಂಗೇ ಬಿಟ್ರೆ ಕೊಳೆಯತ್ತೆ, ಒಣಗಿಸಿದ್ರೆ ಹಲಗೆ ಥರ ಗಟ್ಟಿ ಆಗತ್ತೆ. ಕೊಳೀಬಾರ್ದು, ಮೆತ್ತಗೂ ಇರಬೇಕು ಅಂದ್ರೆ ಹದ ಮಾಡಬೇಕು. ಹದ ಮಾಡೋಕೆ ಮುಖ್ಯವಾಗಿ ಎರಡು ದಾರಿ. ಒಂದು ಮರದ ತೊಗಟೆ, ಕಾಯಿ ಇದ್ರ ಒಗರು ರಸದಲ್ಲಿ ವಾರಗಟ್ಟಲೆ ನೆನೆಸೋದು. ಕಡೂರು, ಅರಸೀಕೆರೆ ಬಯಲಲ್ಲಿ ರಸ್ತೆ ಬದಿ ಹಳದಿ ಹೂ ಬಿಡೋ ಆವರಿಕೆ ಗಿಡ ನೋಡಿರ್ತೀರಲ್ಲ, ಅದರ ತೊಗಟೆ, ಅಳಲೆಕಾಯಿ ಇವೆರಡೂ ದಕ್ಷಿಣ ಭಾರತದ ಹದಗಾರಿಕೆಗೆ ಬಹಳ ಹಿಂದಿಂದ ಬೇಕಾಗಿದ್ದ ಸಾಮಾನು, ಹಿಂಗೆ ಹದ ಮಾಡಿದ ಚರ್ಮ ಮದ್ರಾಸಿನಿಂದ ಹಡಗಲ್ಲಿ ಇಂಗ್ಲೆಂಡಿಗೆ ಹೋಗ್ತಿತ್ತು. ಇನ್ನೊಂದು ಕ್ರೋಮ್ ಹದ. ಕ್ರೋಮಿಯಂ ಲವಣದಲ್ಲಿ ಮಾಡೋದು, ಒಂದೆರಡು ದಿನದಲ್ಲಿ ಮುಗಿಯತ್ತೆ. 19ನೇ ಶತಮಾನದ ಕೊನೇಲಿ ಬಂದು ಈಗ ಜಗತ್ತಿನ ಹೆಚ್ಚಿನ ಚರ್ಮವೆಲ್ಲ ಇದ್ರಲ್ಲೇ ಆಗೋದು. ಸಸ್ಯದ ಹದದ್ದು ಗಡುಸಾಗಿ, ಭಾರವಾಗಿ ಇರತ್ತೆ, ಹಾಕ್ತಾ ಹಾಕ್ತಾ ಮೈಗೆ ಹೊಂದ್ಕೊಂಡು ಬಣ್ಣ ಮಾಗತ್ತೆ. ಕ್ರೋಮಿನದ್ದು ಮೊದಲ ದಿನದಿಂದಲೇ ಮೆತ್ತಗೆ, ನೀರು, ಬಿಸಿ ಎರಡಕ್ಕೂ ಜಾಸ್ತಿ ತಡ್ಕೊಳ್ಳತ್ತೆ.

ಪ್ರಾಣಿ ಯಾವ್ದು ಅನ್ನೋದೂ ಕಾಲ ಹೇಳತ್ತೆ. ಅಮೆರಿಕದಲ್ಲಿ 1920ರಿಂದ 40ರ ದಶಕದವರೆಗೆ ಒಳ್ಳೆ ಜಾಕೆಟ್ ಅಂದ್ರೆ ಕುದುರೆ ಚರ್ಮ. ಹೊಲಕ್ಕೂ ಗಾಡಿಗೂ ಕುದುರೆ ಇದ್ದ ದೇಶ ಅದು, ಚರ್ಮ ಧಾರಾಳವಾಗಿ ಸಿಗ್ತಿತ್ತು. ಟ್ರ್ಯಾಕ್ಟರು, ಕಾರು ಬಂದು ಕುದುರೆ ಕಮ್ಮಿ ಆಗ್ತಾ ಬಂತು, 1950ರ ದಶಕದಿಂದ ನಿಧಾನಕ್ಕೆ ದನದ ಚರ್ಮ ಆ ಜಾಗಕ್ಕೆ ಬಂತು. ಕುದುರೆ ಚರ್ಮ ಒತ್ತಾಗಿ, ನುಣುಪಾಗಿ, ಹೊಳಪಾಗಿ ಇರತ್ತೆ, ಮಡಚಿದ ಕಡೆ ಗಡುಸು ಗೆರೆ ಬೀಳತ್ತೆ. ಮೇಕೆ ಚರ್ಮದ ಮೇಲೆ ಸಣ್ಣ ಸಣ್ಣ ಗುಳ್ಳೆ ಥರ ಕಾಣತ್ತೆ, ತೆಳು ಆದ್ರೂ ಹರಿಯಲ್ಲ. ಕುರಿ ಚರ್ಮ ಎಲ್ಲಕ್ಕಿಂತ ಮೆತ್ತಗೆ, ಆದ್ರೆ ಕಾಫಿ ಗಿಡದ ರೆಂಬೆ ಸಿಕ್ಕಾಕ್ಕೊಂಡ್ರೂ ಹರಿದೋಗತ್ತೆ.

ಕಪ್ಪು ಜಾಕೆಟ್ಟಿನ ತೋಳಿನ ತುದಿ, ಜೇಬಿನ ಅಂಚು ಹತ್ರದಿಂದ ನೋಡಿ. ಕೆಲವು ಹಳೇ ಕುದುರೆ ಚರ್ಮದಲ್ಲಿ ಅಲ್ಲಿ ಕಪ್ಪು ಸವೆದು ಒಳಗಿನ ಕಂದು ಬಣ್ಣ ಕಾಣತ್ತೆ. ಕಂದಾಗಿ ಹದ ಮಾಡಿದ ಚರ್ಮದ ಮೇಲೆ ಬರೀ ಹೊರಗಿಂದ ಕಪ್ಪು ಬಣ್ಣ ಹಾಕಿದ್ರಿಂದ ಹಂಗಾಗೋದು, ಇದಕ್ಕೆ ಟೀಕೋರ್ ಅಂತಾರೆ. ಮನೇಲಿ ಯಾರಾದ್ರೂ "ಬಣ್ಣ ಹೋಗಿದೆ, ಶೂ ಪಾಲಿಶ್ ಹೊಡಿ" ಅಂದ್ರೆ ದಯವಿಟ್ಟು ಹೊಡೀಬೇಡಿ, ಸಂಗ್ರಹಕಾರರು ಹೆಚ್ಚಿಗೆ ದುಡ್ಡು ಕೊಡೋದೇ ಆ ಸವೆತಕ್ಕೆ.

ಇನ್ನು ರೆಕ್ಸಿನ್. ಅದು ಚರ್ಮ ಅಲ್ಲ, ಬಟ್ಟೆ ಮೇಲೆ ಪ್ಲಾಸ್ಟಿಕ್ ಲೇಪನ. ಹರಿದ ಕಡೆ ಅಥವಾ ಹೊಲಿಗೆ ಒಳಗಿನ ಅಂಚು ನೋಡಿದ್ರೆ ಸಾಕು, ಚರ್ಮ ಆದ್ರೆ ನಾರು ನಾರಾಗಿ ಒಂದೇ ಪದರ ಇರತ್ತೆ, ರೆಕ್ಸಿನ್ ಆದ್ರೆ ಕೆಳಗೆ ನೇಯ್ದ ಬಟ್ಟೆ ಕಾಣತ್ತೆ. ಪಿಯು (ಪಾಲಿಯುರಿಥೇನ್ ಅನ್ನೋ ಪ್ಲಾಸ್ಟಿಕ್) ಅಂತ ಬರೋ ಜಾಕೆಟ್ಟುಗಳ ಲೇಪನ ಗಾಳಿಯ ತೇವಕ್ಕೇ ಒಡೆದು ಸಿಪ್ಪೆ ಏಳತ್ತೆ, ನಮ್ಮ ಮಲೆನಾಡಿನ ಥಂಡಿಗಂತೂ ಬೇಗ ಏಳತ್ತೆ. ಸಿಪ್ಪೆ ಎದ್ದಿದ್ರೆ ಅದನ್ನ ವಿಂಟೇಜ್ ಅಂತ ಯಾರು ಹೇಳಿದ್ರೂ ತಗೋಬೇಡಿ, ರಿಪೇರಿ ಆಗಲ್ಲ. ಬೆಂಕಿ ಕಡ್ಡಿ ಗೀರಿ ಸುಟ್ಟು ನೋಡೋ ಪರೀಕ್ಷೆ ಬೇಡವೇ ಬೇಡ, ಒಳ್ಳೇದಾಗಿದ್ರೆ ಅಲ್ಲಿಗೇ ಹಾಳು.

ವಿಮಾನದಲ್ಲಿ ಕೂತವರ ಜಾಕೆಟ್

ಮೊದಲ ಮಹಾಯುದ್ಧದ ವಿಮಾನಗಳಿಗೆ ಮೇಲೆ ಮುಚ್ಚಿಗೆ ಇರ್ಲಿಲ್ಲ. ಎಂಜಿನ್ನಿನ ಎಣ್ಣೆ ಮುಖಕ್ಕೆ ಎರಚೋದು, ಗಾಳಿ ಎದೆಗೆ ಬಡಿಯೋದು, ಮೇಲೆ ಹೋದ ಹಾಗೆ ಚಳಿ. ಉಣ್ಣೆ ಬಟ್ಟೆ ಬೆಚ್ಚಗೆ ಇಡತ್ತೆ ನಿಜ, ಆದ್ರೆ ಗಾಳಿ ತೂರತ್ತೆ. ಚರ್ಮ ಗಾಳಿ ಬಿಡಲ್ಲ. 1917ರಲ್ಲಿ ಅಮೆರಿಕದ ಸೈನ್ಯ ಪೈಲಟ್‌ಗಳ ಉಡುಪಿಗೆ ಅಂತಲೇ ಒಂದು ಮಂಡಳಿ ಮಾಡಿ ಚರ್ಮದ ಕೋಟು ಹಂಚೋಕೆ ಶುರು ಮಾಡ್ತು. ಆಗಿನವು ಉದ್ದ ಕೋಟುಗಳು. ಕೂತ್ಕೊಂಡ್ರೆ ತೊಡೆ ಮೇಲೆ ಮುದ್ದೆ ಆಗ್ತಿತ್ತು, ಅದಕ್ಕೇ ಆಮೇಲೆ ಆಮೇಲೆ ಉದ್ದ ಕಮ್ಮಿಯಾಗಿ ಸೊಂಟಕ್ಕೆ ಬಂತು.

1927ರ ಎ-1 ಅನ್ನೋ ಮಾದರೀಲಿ ಮುಂದೆ ಗುಂಡಿಗಳಿದ್ವು, ಕಾಲರ್, ಕಫ್, ಸೊಂಟ ಮೂರೂ ಸ್ವೆಟರ್ ಥರ ಹೆಣೆದ ಉಣ್ಣೆ. ಗ್ಲೌಸ್ ಹಾಕ್ಕೊಂಡು ಗುಂಡಿ ಹಾಕೋದು ತೆಗೆಯೋದು ಎಷ್ಟು ಕಷ್ಟ ಅಂತ ಡಿಸೆಂಬರ್ ಬೆಳಗ್ಗೆ ಗ್ಲೌಸ್ ಹಾಕಿ ಬೈಕ್ ಓಡಿಸೋರಿಗೆ ಹೇಳ್ಬೇಕಾಗಿಲ್ಲ. 1931ರಲ್ಲಿ ಎ-2 ಬಂತು, ಗುಂಡಿ ಹೋಗಿ ಜಿಪ್ಪು ಬಂತು. ಸಂಗ್ರಹಕಾರರು ಅತಿ ಹೆಚ್ಚು ಮಾತಾಡೋ ಜಾಕೆಟ್ ಯಾವ್ದು ಅಂದ್ರೆ ಇದೇ, ಹಂಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಕಾಲರ್ ಚರ್ಮದ್ದು, ಶರ್ಟಿನ ಕಾಲರ್ ಹಾಗೆ ಮಡಚಿರತ್ತೆ, ತುದಿಯನ್ನ ಬೆರಳಲ್ಲಿ ಎತ್ತಿದ್ರೆ ಅಡೀಲಿ ಟಿಚ್ ಬಟನ್ ಸಿಗತ್ತೆ. ಅದು ಇಲ್ದಿದ್ರೆ ಗಾಳಿಗೆ ಕಾಲರ್ ಎದ್ದು ಪಟಪಟ ಅಂತ ಗಲ್ಲಕ್ಕೆ ಹೊಡೀತಿತ್ತು. ಜಿಪ್ಪಿನ ಹಿಂದೆ ಒಂದು ಉದ್ದ ಚರ್ಮದ ಪಟ್ಟಿ, ಹಲ್ಲಿನ ಸಂದೀಲಿ ನುಗ್ಗೋ ಗಾಳಿ ತಡೆಯೋಕೆ. ಕಫ್, ಸೊಂಟ ಹೆಣೆದ ಉಣ್ಣೆ, ಅದೂ ಗಾಳಿಗೇ. ಭುಜದ ಮೇಲೆ ಪಟ್ಟಿ. ಮುಂದೆ ಎರಡೇ ಜೇಬು, ಮುಚ್ಚಳಕ್ಕೆ ಟಿಚ್ ಬಟನ್, ಪಕ್ಕದಿಂದ ಕೈ ತೂರಿಸೋ ಹಾಗಿಲ್ಲ. ಕತ್ತಿನ ಒಳಗೆ ನೇಯ್ದ ಲೇಬಲ್, ಅದ್ರಲ್ಲಿ ಟೈಪ್ ಎ-2, ಡ್ರಾಯಿಂಗ್ ನಂಬರ್ 30-1415, ಆರ್ಡರ್ ನಂಬರ್, ತಯಾರಿಸಿದ ಕಂಪನಿ ಹೆಸರು. ಈ ಆರ್ಡರ್ ನಂಬರ್ ಹಿಡ್ಕೊಂಡೇ ಯಾವ ವರ್ಷದ ಯಾವ ಗುತ್ತಿಗೆ ಅಂತ ಪತ್ತೆ ಮಾಡ್ತಾರೆ. 1943ರಲ್ಲಿ ಸೈನ್ಯ ಎ-2 ಕೊಳ್ಳೋದು ನಿಲ್ಲಿಸಿ ಬಟ್ಟೆಯ ಜಾಕೆಟ್‌ಗೆ ಹೋಯ್ತು, 1988ರಲ್ಲಿ ಅಮೆರಿಕದ ವಾಯುಪಡೆ ಮತ್ತೆ ತಂತು, ಈ ಸಲ ಮೇಕೆ ಚರ್ಮದಲ್ಲಿ. ಅದಕ್ಕೇ ಎ-2 ಅಂತ ಲೇಬಲ್ ಇದ್ದ ಮಾತ್ರಕ್ಕೆ ಎರಡನೇ ಮಹಾಯುದ್ಧದ್ದು ಅಂತ ಕುಣಿಯೋ ಹಾಗಿಲ್ಲ.

ಅಮೆರಿಕದ ಕಥೆ ನಮಗ್ಯಾಕೆ ಅಂತೀರಾ? ಯುದ್ಧದ ಕಾಲದಲ್ಲಿ ಇವು ನಮ್ಮ ಪಕ್ಕದಲ್ಲೇ ಓಡಾಡಿವೆ. 1943ರಲ್ಲಿ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆ ಅಮೆರಿಕದ ಸೈನ್ಯದ ವಾಯುಪಡೆ ಕೈಗೆ ಹೋಗಿ ವಿಮಾನ ರಿಪೇರಿ ಡಿಪೋ ಆಗಿತ್ತು. ಅಸ್ಸಾಮಿನಿಂದ ಹಿಮಾಲಯ ದಾಟಿ ಚೀನಾಕ್ಕೆ ಸಾಮಾನು ಹೊರೋ ವಿಮಾನಗಳ ಪೈಲಟ್‌ಗಳು ಇದನ್ನೇ ಹಾಕ್ತಿದ್ರು, ಕೆಲವರ ಜಾಕೆಟ್ ಬೆನ್ನಿಗೆ "ನಾನು ಸ್ನೇಹಿತ, ಸಹಾಯ ಮಾಡಿ" ಅನ್ನೋ ಅರ್ಥದ ಚೀನೀ ಬರಹದ ಬಟ್ಟೆ ಹೊಲಿದಿರ್ತಿದ್ರು, ತೋಳಿನ ಮೇಲಿನ ಬ್ಯಾಡ್ಜುಗಳನ್ನ ಭಾರತದ ಕುಶಲಕರ್ಮಿಗಳೇ ಚರ್ಮದಲ್ಲಿ, ಜರಿ ದಾರದಲ್ಲಿ ಮಾಡಿ ಕೊಟ್ಟಿದ್ದೂ ಉಂಟು. ಇವತ್ತು ಅಂಥ ಬ್ಯಾಡ್ಜ್ ಇರೋ ಎ-2ಗೆ ಬರೀ ಜಾಕೆಟ್ಟಿಗಿಂತ ಎಷ್ಟೋ ಜಾಸ್ತಿ ಬೆಲೆ. ಬ್ಯಾಡ್ಜ್ ಇಲ್ದೆ ಇದ್ರೂ ಒಳ್ಳೆ ಸ್ಥಿತೀಲಿರೋ ಯುದ್ಧಕಾಲದ ಎ-2 ಸಾವಿರ ಡಾಲರ್ ದಾಟೋದು ಅಮೆರಿಕದಲ್ಲಿ ಮಾಮೂಲಿ.

ಬಾಂಬರ್ ವಿಮಾನಗಳು 25,000 ಅಡಿ, ಅಂದ್ರೆ ಸುಮಾರು 7,600 ಮೀಟರ್‌ವರೆಗೂ ಹೋಗ್ತಿದ್ವು, ನಮ್ಮ ಮುಳ್ಳಯ್ಯನಗಿರಿ 1,930 ಮೀಟರು, ಅದರ ಹತ್ತಿರ ಹತ್ತಿರ ನಾಲ್ಕರಷ್ಟು ಎತ್ತರ. ಕೆಳಗೆ ನೆಲದಲ್ಲಿ 20 ಡಿಗ್ರಿ ಇದ್ರೂ, ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ಇಳೀತಾ ಹೋದ್ರೆ ಅಲ್ಲಿ ಸೊನ್ನೆಗಿಂತ ಸುಮಾರು 30 ಡಿಗ್ರಿ ಕೆಳಗೆ. ಎ-2 ಒಂದರಲ್ಲಿ ಅಲ್ಲಿ ಬದುಕೋಕಾಗಲ್ಲ. ಅದಕ್ಕೇ ಕುರಿಯ ಉಣ್ಣೆ ಸಮೇತ ಚರ್ಮ ಹದ ಮಾಡಿ, ಉಣ್ಣೆ ಒಳಗೆ ಚರ್ಮ ಹೊರಗೆ ಬರೋ ಹಾಗೆ ಹೊಲಿದ ದಪ್ಪ ಜಾಕೆಟ್‌ಗಳು ಬಂದಿದ್ದು, ಅಮೆರಿಕದಲ್ಲಿ ಬಿ-3, ಇಂಗ್ಲೆಂಡಲ್ಲಿ ಇರ್ವಿನ್. ಈ ಲೆಸ್ಲಿ ಇರ್ವಿನ್ ಪ್ಯಾರಾಚೂಟಿನ ಮನುಷ್ಯ, 1919ರಲ್ಲಿ ವಿಮಾನದಿಂದ ಹಾರಿ ಗಾಳೀಲಿ ಬೀಳ್ತಾ ತಾನೇ ದಾರ ಎಳೆದು ಪ್ಯಾರಾಚೂಟ್ ಬಿಚ್ಚಿ ತೋರಿಸಿದವನು, 1926ರಲ್ಲಿ ಇಂಗ್ಲೆಂಡಿನ ಲೆಚ್‌ವರ್ತಲ್ಲಿ ಫ್ಯಾಕ್ಟರಿ ಹಾಕಿದ. ಇರ್ವಿನ್ ಜಾಕೆಟ್ಟಿನಲ್ಲಿ ಯುದ್ಧ ಮುಂದುವರಿದ ಹಾಗೆ ಚರ್ಮದ ತುಂಡುಗಳು ಸಣ್ಣದಾಗ್ತಾ ಹೋದ್ವು, ಮಾಲಿನ ಅಭಾವಕ್ಕೆ ಚೂರುಪಾರು ಸೇರಿಸಿ ಹೊಲೀತಿದ್ರು. ಬೆನ್ನ ಮೇಲೆ ಹೊಲಿಗೆ ಎಷ್ಟಿದೆ ನೋಡಿ ಮೊದಲಿಂದೋ ಕೊನೇದೋ ಅಂತ ಅಂದಾಜು ಮಾಡ್ತಾರೆ.

ಅಮೆರಿಕದ ನೌಕಾಪಡೆಯದ್ದು ಜಿ-1, ಮೇಕೆ ಚರ್ಮ, ಕತ್ತಿಗೆ ತುಪ್ಪಳದ ಕಾಲರ್. ಜೆಟ್ ವಿಮಾನ ಬಂದ್ಮೇಲೆ ಇಕ್ಕಟ್ಟಾದ ಕಾಕ್‌ಪಿಟ್ಟಿಗೆ ದಪ್ಪ ಚರ್ಮ ತೊಡಕಾಯ್ತು, ನೈಲಾನ್ ಬಂತು. ಆದ್ರೆ ನೌಕಾಪಡೆಯವರು ಮಾತ್ರ ಜಿ-1 ಬಿಡ್ಲಿಲ್ಲ.

ಬೈಕ್ ಮೇಲೆ ಕೂತವರ ಜಾಕೆಟ್

ನ್ಯೂಯಾರ್ಕಿನ ಶಾಟ್ ಅಣ್ಣ ತಮ್ಮಂದಿರು 1913ರಲ್ಲಿ ರೇನ್‌ಕೋಟ್ ಹೊಲಿಯೋ ವ್ಯಾಪಾರ ಶುರು ಮಾಡಿದ್ರು. 1928ರಲ್ಲಿ ಇರ್ವಿಂಗ್ ಶಾಟ್ ಬೈಕಿನವರಿಗೆ ಅಂತಲೇ ಒಂದು ಜಾಕೆಟ್ ಮಾಡಿ, ತಾನು ಸೇದ್ತಿದ್ದ ಚುಟ್ಟದ ಹೆಸರು ಇಟ್ಟ, ಪರ್ಫೆಕ್ಟೊ ಅಂತ. ಹಾರ್ಲೆ ಡೇವಿಡ್ಸನ್ ಡೀಲರ್ ಹತ್ರ ಐದೂವರೆ ಡಾಲರಿಗೆ ಮಾರಿದ್ರು. ಇವತ್ತು ಬೈಕ್ ಜಾಕೆಟ್ ಅಂದ ತಕ್ಷಣ ಕಣ್ಣಿಗೆ ಬರೋ ಓರೆ ಜಿಪ್ಪಿನ ರೂಪ ಈ ವಂಶದ್ದೇ.

ಓರೆ ಜಿಪ್ಪು ಯಾಕೆ ಅಂದ್ರೆ, ಬೈಕ್ ಮೇಲೆ ಮುಂದೆ ಬಗ್ಗಿ ಕೂತಾಗ ನೇರ ಜಿಪ್ಪು ಹೊಟ್ಟೆ ಹತ್ರ ಮಡಚಿ ಚುಚ್ಚತ್ತೆ. ಪಕ್ಕಕ್ಕೆ ಸರಿಸಿದ್ರೆ ಆ ತೊಂದ್ರೆ ಇಲ್ಲ, ಜೊತೆಗೆ ಎದೆ ಮೇಲೆ ಎರಡು ಪದರ ಚರ್ಮ ಬರತ್ತೆ, ಗಾಳಿ ಇನ್ನೂ ಕಮ್ಮಿ. ಅಗಲ ಕಾಲರಿಗೆ ಟಿಚ್ ಬಟನ್, ಅದೇ ಗಾಳಿ ಕಾರಣಕ್ಕೆ. ತೋಳಿನ ತುದೀಲಿ ಜಿಪ್ಪು, ಬಿಚ್ಚಿ ಗ್ಲೌಸ್ ಒಳಗೆ ಸೇರಿಸಿ ಮುಚ್ಕೊಳ್ಳೋಕೆ. ಭುಜದ ಹಿಂದೆ ಮಡಿಕೆ ಇಟ್ಟಿರ್ತಾರೆ, ಕೈ ಹ್ಯಾಂಡಲಿಗೆ ಚಾಚಿದಾಗ ಅದು ಬಿಚ್ಕೊಳ್ಳತ್ತೆ, ಇಲ್ದಿದ್ರೆ ಬೆನ್ನು ಬಿಗಿಯತ್ತೆ. ಪೂರ್ತಿ ಎ-2 ಜೊತೆ ಇಟ್ಟು ನೋಡಿದ್ರೆ ಗೊತ್ತಾಗತ್ತೆ, ಇಬ್ಬರ ಶತ್ರುವೂ ಗಾಳಿನೇ, ಆದ್ರೆ ಪೈಲಟ್ ನೆಟ್ಟಗೆ ಕೂರ್ತಾನೆ, ಬೈಕಿನವನು ಬಗ್ಗಿ ಕೂರ್ತಾನೆ, ಜಾಕೆಟ್ ಬೇರೆ ಆಗೋಕೆ ಅಷ್ಟು ಸಾಕಾಯ್ತು.

1930ರ ದಶಕದಲ್ಲಿ ಕೆಲಸಗಾರರು, ಕಾರ್ ಓಡಿಸೋರು ಹಾಕ್ತಿದ್ದ ಮಾಮೂಲಿ ಜಾಕೆಟ್‌ಗಳೂ ಇದ್ವು, ಬೆನ್ನ ಹಿಂದೆ ಅರ್ಧ ಬೆಲ್ಟ್ ಹೊಲಿದಿರೋವು, ಸಿಯರ್ಸ್ ಕಂಪನಿ ಹರ್ಕ್ಯುಲಿಸ್ ಅನ್ನೋ ಹೆಸರಲ್ಲಿ ಪೋಸ್ಟಲ್ಲಿ ಮಾರ್ತಿತ್ತು. ಈ ಕಾಲದ ಜಾಕೆಟ್ ಈಗ ಹಾಕಿದ್ರೆ ಹೊಟ್ಟೆ ಹತ್ರ ಶರ್ಟ್ ಹೊರಗೆ ಇಣುಕತ್ತೆ. ಚಿಕ್ಕದಾಗಿದೆ ಅಂತ ಅಲ್ಲ, ಆಗಿನ ಪ್ಯಾಂಟ್ ಹೊಕ್ಕುಳಿನ ಮೇಲಿತ್ತು, ಜಾಕೆಟ್ ಅಲ್ಲಿಗೆ ಬಂದು ನಿಂತ್ರೆ ಸಾಕಿತ್ತು.

ಯುದ್ಧ ಮುಗಿದ್ಮೇಲೆ ಸೈನ್ಯದ ಹೆಚ್ಚುವರಿ ಜಾಕೆಟ್ಟುಗಳು ಅಗ್ಗಕ್ಕೆ ಅಂಗಡಿಗೆ ಬಂದ್ವು, ಊರಿಗೆ ಮರಳಿದ ಹುಡುಗ್ರು ಅದನ್ನ ಹಾಕ್ಕೊಂಡು ಬೈಕ್ ಹತ್ತಿದ್ರು. 1947ರಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಅನ್ನೋ ಊರಲ್ಲಿ ಬೈಕಿನವರ ಜಾತ್ರೆ ಗಲಾಟೆ ಆಗಿ ಪೇಪರಲ್ಲೆಲ್ಲ ಬಂತು, ಅದನ್ನೇ ಇಟ್ಕೊಂಡು ಬಂದ 1953ರ ಸಿನಿಮಾದಲ್ಲಿ ಮರ್ಲನ್ ಬ್ರ್ಯಾಂಡೊ ಓರೆ ಜಿಪ್ಪಿನ ಕಪ್ಪು ಜಾಕೆಟ್ ಹಾಕಿದ್ದ. ಅಲ್ಲಿಂದ ಆಚೆಗೆ ಲೆದರ್ ಜಾಕೆಟ್ ಅಂದ್ರೆ ಪುಂಡರ ಬಟ್ಟೆ ಅನ್ನೋ ಹೆಸರು ಬಂತು, ಅಮೆರಿಕದ ಕೆಲವು ಸ್ಕೂಲುಗಳು ಹಾಕ್ಕೊಂಡು ಬರಬೇಡಿ ಅಂದ್ವು, ಬೇಡ ಅಂದಿದ್ದೇ ತಡ ಹುಡುಗ್ರಿಗೆ ಅದೇ ಬೇಕಾಯ್ತು. ಎಲ್ಲಾ ಊರ ಹುಡುಗ್ರೂ ಒಂದೇ.

ಇಂಗ್ಲೆಂಡಲ್ಲಿ 1950ರ ಕೊನೆ, 60ರ ದಶಕದಲ್ಲಿ ಇನ್ನೊಂದು ರೂಪ ಬಂತು, ಕೆಫೆ ರೇಸರ್. ಲಂಡನ್ನಿನ ಏಸ್ ಕೆಫೆಯಂಥ ಹೈವೇ ಹೋಟೆಲುಗಳ ನಡುವೆ ರೇಸ್ ಬಿಡೋ ಹುಡುಗ್ರದ್ದು. ನೇರ ಜಿಪ್ಪು, ಕತ್ತಿಗೆ ಅಂಟಿದ ಹಾಗಿರೋ ಸಣ್ಣ ನಿಂತ ಕಾಲರ್, ಹಾರೋ ತುಂಡು ಒಂದೂ ಇಲ್ಲ. ಲೂಯಿಸ್ ಲೆದರ್ಸ್ ಇದ್ರಲ್ಲಿ ದೊಡ್ಡ ಹೆಸರು. ಇವತ್ತು ನಮ್ಮ ಕಡೆ ಬುಲೆಟ್ ಓಡಿಸೋರು ಹಾಕೋ ಪ್ಲೇನ್ ಜಾಕೆಟ್ ಹೆಚ್ಚಿನವು ಇದೇ ಮಾದರಿ.

ಕೆಲ್ಸ ಬಿಟ್ಟು ಫ್ಯಾಷನ್ ಹಿಡಿದ ಮೇಲೆ

ಇಲ್ಲಿಂದ ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಇಲ್ಲಿಂದ ಮುಂದೆ ಜಾಕೆಟ್ಟಿನ ರೂಪಕ್ಕೆ ಕಾರಣ ಸ್ಟೇಜು, ಪಾರ್ಟಿ, ಪೋಸ್ಟರು. 60ರ ಕೊನೇಲಿ ಹಿಪ್ಪಿಗಳ ಸ್ವೇಡ್ ಜಾಕೆಟ್, ಸ್ವೇಡ್ ಅಂದ್ರೆ ಚರ್ಮದ ಒಳಮೈ ಹೊರಗೆ ಮಾಡಿದ್ದು, ಅದಕ್ಕೆ ಇಳಿಬಿಟ್ಟ ದಾರದ ಅಂಚು. 70ರ ದಶಕದಲ್ಲಿ ಅಗಲವಾದ ಚೂಪು ಕಾಲರ್, ಕೋಟಿನ ಥರದ ಉದ್ದ, ಕಂದು ಬಣ್ಣ. ಅದೇ ದಶಕದಲ್ಲಿ ನ್ಯೂಯಾರ್ಕಿನ ರಮೋನ್ಸ್ ಬ್ಯಾಂಡಿನವರು ಹಳೇ ಓರೆ ಜಿಪ್ಪಿನ ಜಾಕೆಟ್ಟನ್ನೇ ಯೂನಿಫಾರ್ಮ್ ಮಾಡ್ಕೊಂಡ್ರು, ಪಂಕ್ ಹುಡುಗ್ರು ಅದಕ್ಕೆ ಪಿನ್ನು, ಮೊಳೆ ಹೊಡೆದ್ರು. 80ರ ದಶಕ ಗುರುತಿಸೋದು ಬಹಳ ಸುಲಭ, ಭುಜದಲ್ಲಿ ಪ್ಯಾಡು, ಕಂಕುಳಿನ ಹತ್ರ ಜೋಲೋ ಅಗಲ ತೋಳು, ಬೇಡದ ಕಡೆ ಜಿಪ್ಪು, ಮೆತ್ತನೆ ಕುರಿ ಚರ್ಮ.

ನಮ್ಮ ಅಟ್ಟಗಳಲ್ಲಿ ಸಿಗೋದು ಹೆಚ್ಚಾಗಿ 80, 90ರ ದಶಕದ್ದೇ. ಗಲ್ಫಿಂದ ತಂದಿದ್ದು, ಶಿವಾಜಿನಗರದಲ್ಲಿ ಹೊಲಿಸಿದ್ದು, ಮದ್ರಾಸ್ ಕಡೆಯ ಎಕ್ಸ್‌ಪೋರ್ಟ್ ಮಾಲಿನಲ್ಲಿ ಉಳಿದಿದ್ದು, ಜಾವಾ ಯೆಜ್ಡಿ ಇದ್ದೋರು ಆಸೆಪಟ್ಟು ತಗೊಂಡಿದ್ದು. ಇದಕ್ಕೆ ಲಕ್ಷ ರೂಪಾಯಿ ಬರಲ್ಲ. ಚರ್ಮ ಚೆನ್ನಾಗಿದ್ರೆ ಮಾರೋದಕ್ಕಿಂತ ಹಾಕ್ಕೊಂಡು ಓಡಾಡೋದೇ ಲಾಭ.

ವಯಸ್ಸು ಪತ್ತೆ ಮಾಡೋದು

ಎತ್ತಿನ ವಯಸ್ಸನ್ನ ಹಲ್ಲು ನೋಡಿ ಹೇಳ್ತಾರಲ್ಲ ಜಾತ್ರೇಲಿ, ಜಾಕೆಟ್ಟಿಗೂ ಹಲ್ಲು ನೋಡಬೇಕು, ಜಿಪ್ಪಿನ ಹಲ್ಲು. ಮೊದ್ಲು ರನ್ನರ್ ಮೇಲೆ ಏನು ಕೆತ್ತಿದೆ ಓದಿ. ಟ್ಯಾಲನ್, ಕ್ರೌನ್, ಕಾನ್‌ಮಾರ್ ಇವು ಅಮೆರಿಕದ ಹಳೇ ಹೆಸರುಗಳು. ಟ್ಯಾಲನ್ ಕಂಪನಿಗೆ ಮೊದ್ಲು ಹುಕ್‌ಲೆಸ್ ಫಾಸ್ಟನರ್ ಅಂತ ಹೆಸರಿತ್ತು, 1937ರಲ್ಲಿ ಬದಲಾಯ್ತು, ಹಂಗಾಗಿ ಹುಕ್‌ಲೆಸ್ ಅಂತ ಕೆತ್ತಿದ್ರೆ 30ರ ದಶಕದ ವಾಸನೆ ಬಂತು ಅಂತ್ಲೇ ಲೆಕ್ಕ. ವೈಕೆಕೆ 1934ರಲ್ಲೇ ಜಪಾನಲ್ಲಿ ಶುರುವಾಗಿದ್ರೂ ಬೇರೆ ದೇಶದ ಜಾಕೆಟ್ಟುಗಳಲ್ಲಿ ಕಾಣೋದು ಹೆಚ್ಚಾಗಿ 60ರ ದಶಕದ ಆಚೆಗೆ. ಪ್ಲಾಸ್ಟಿಕ್ ಹಲ್ಲಿದ್ರೆ 30, 40ರ ದಶಕದ ಆಸೆ ಬಿಡಿ. ಒಂದು ಎಚ್ಚರ ಮಾತ್ರ, ಜಿಪ್ಪು ಬದಲಾಯಿಸಿರಬಹುದು. ಜಿಪ್ಪಿನ ಅಂಚಲ್ಲಿ ಹಳೇ ಹೊಲಿಗೆಯ ಖಾಲಿ ತೂತುಗಳು ಸಾಲಾಗಿ ಕಂಡ್ರೆ ಅದು ಎರಡನೇ ಜಿಪ್ಪು.

ಆಮೇಲೆ ಲೇಬಲ್. ಅಮೆರಿಕದ ಮಾಲಿನಲ್ಲಿ ಲೈನಿಂಗ್ ಯಾವ ನೂಲಿನದ್ದು, ಶೇಕಡಾ ಎಷ್ಟು ಅಂತ ಬರೆದಿದ್ರೆ ಸಾಮಾನ್ಯವಾಗಿ 1960ರ ನಂತರದ್ದು, ಹೇಗೆ ತೊಳೀಬೇಕು ಅನ್ನೋ ಸೂಚನೆ ಹೊಲಿದಿದ್ರೆ 1972ರ ಈಚಿನದ್ದು ಅಂತ ಹಿಡೀಬಹುದು. ಮೇಡ್ ಇನ್ ವೆಸ್ಟ್ ಜರ್ಮನಿ ಅಂತಿದ್ರೆ 1990ರ ಒಳಗೆ.

ನಮ್ಮ ದೇಶದ ಟೈಲರ್ ಲೇಬಲ್ಲೂ ಮಾತಾಡತ್ತೆ. ವಿಳಾಸದಲ್ಲಿ ಆರಂಕಿ ಪಿನ್‌ಕೋಡ್ ಇದ್ರೆ 1972ರ ಆಗಸ್ಟ್ 15ರ ನಂತರದ್ದು, ಅದಕ್ಕಿಂತ ಮುಂಚೆ ಪಿನ್‌ಕೋಡೇ ಇರ್ಲಿಲ್ಲ. "ಮೈಸೂರ್ ಸ್ಟೇಟ್" ಅಂತ ಅಚ್ಚಾಗಿದ್ರೆ 1973ಕ್ಕಿಂತ ಹಿಂದಿನ ಲೇಬಲ್ ಇರಬಹುದು, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿದ್ದು ಆ ವರ್ಷದ ನವೆಂಬರ್ 1ಕ್ಕೆ. ಇರಬಹುದು ಅಂದಿದ್ದು ಯಾಕಂದ್ರೆ ಅಂಗಡಿಯವರು ಒಂದು ಸಲ ಅಚ್ಚು ಹಾಕಿಸಿದ ಲೇಬಲ್ ಮುಗಿಯೋವರೆಗೂ ಹೊಲೀತಾರೆ.

ಸೈಜ್ ಲೇಬಲ್ ನಂಬ್ಕೊಂಡು ಆನ್‌ಲೈನಲ್ಲಿ ತಗೋಬೇಡಿ. ಹಳೇ 40 ಈಗಿನ 38ಕ್ಕೂ ಬರಲ್ಲ ಎಷ್ಟೋ ಸಲ. ಜಾಕೆಟ್ ಜಿಪ್ಪು ಹಾಕಿ ಮಟ್ಟಸವಾಗಿ ಹಾಸಿ ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ, ಭುಜದಿಂದ ಭುಜಕ್ಕೆ, ತೋಳಿನ ಉದ್ದ, ಕಾಲರ್ ಕೆಳಗಿಂದ ಸೊಂಟದವರೆಗೆ ಬೆನ್ನು, ಈ ನಾಲ್ಕು ಅಳತೆ ಟೇಪ್ ಇಟ್ಟು ಫೋಟೋ ಕಳ್ಸಿ ಅಂತ ಕೇಳಿ, ನಿಮಗೆ ಸರಿಯಾಗೋ ಜಾಕೆಟ್ಟಿನ ಅಳತೆ ಜೊತೆ ಹೋಲಿಸಿ. ಜೊತೆಗೆ ಕಂಕುಳಿನ ಒಳಗಿನ ಫೋಟೋನೂ ಕೇಳಿ, ಬೆವರಿಗೆ ಚರ್ಮ ಮೊದ್ಲು ಕೆಡೋದು ಅಲ್ಲೇ.

ಮಳೆಗಾಲ ದಾಟಿಸೋದು

ಮಲೆನಾಡಲ್ಲಿ ಇದೇ ನಿಜವಾದ ಕಷ್ಟ. ಗಾಳೀಲಿ ತೇವ ಶೇಕಡಾ 70 ದಾಟಿದ್ರೆ ಚರ್ಮಕ್ಕೆ ಬೂಷ್ಟು ಹಿಡಿಯೋಕೆ ಶುರು, ಕೊಟ್ಟಿಗೆಹಾರ ಕಡೆ ಜೂನಿಂದ ಸೆಪ್ಟೆಂಬರ್‌ವರೆಗೆ ಅದಕ್ಕಿಂತ ಕೆಳಗೆ ಇಳಿಯೋ ದಿನ ಕಮ್ಮಿ. ಅರಸೀಕೆರೆ, ಕಡೂರಿನವರಿಗೆ ಅಷ್ಟು ತಾಪತ್ರಯ ಇಲ್ಲ.

ನಮ್ಮಲ್ಲಿ ಸಾಮಾನ್ಯವಾಗಿ ಮಾಡೋ ಎರಡು ಕೆಲ್ಸ ಎರಡೂ ಹಾಳು ಮಾಡೋವು. ಒಂದು, ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡೋದು. ಒಳಗಿನ ತೇವ ಹೊರಗೆ ಹೋಗಲ್ಲ, ಬೂಷ್ಟಿಗೆ ಮನೆ ಕಟ್ಟಿ ಕೊಟ್ಟ ಹಾಗಾಯ್ತು. ಹಳೇ ಹತ್ತಿ ಬೆಡ್‌ಶೀಟ್ ಹೊದಿಸಿ ಸಾಕು. ಇನ್ನೊಂದು, ಬಚ್ಚಲ ಒಲೆ ಮೇಲೆ ಅಥವಾ ಕಾಫಿ ಒಣಗಿಸೋ ಬಿಸಿಲಲ್ಲಿ ಇಡೋದು. ಒದ್ದೆಯಾದ ಸಸ್ಯದ ಹದದ ಚರ್ಮ ಸುಮಾರು 70, 80 ಡಿಗ್ರಿ ಬಿಸಿಗೇ ಸುರುಟಿ ಗಟ್ಟಿಯಾಗಿಬಿಡತ್ತೆ, ಮತ್ತೆ ಸರಿ ಮಾಡೋಕಾಗಲ್ಲ. ನೆಂದ ಜಾಕೆಟ್ಟನ್ನ ಅಗಲ ಭುಜದ ಹ್ಯಾಂಗರಿಗೆ ಹಾಕಿ ಫ್ಯಾನ್ ಗಾಳೀಲಿ ನೆರಳಲ್ಲಿ ಒಣಗಿಸಿ, ಎರಡು ದಿನ ಹಿಡಿದ್ರೂ ಪರವಾಗಿಲ್ಲ. ಬೀರುವಿನ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಅದು ತೇವ ಕುಡಿದ ಮೇಲೆ ಬದಲಾಯಿಸ್ತಾ ಇರಿ, ವಾರಕ್ಕೊಂದ್ಸಲ ಹೊರಗೆ ತೆಗೆದು ಗಾಳಿಗೆ ಹಾಕಿ.

ಬೂಷ್ಟು ಬಂದೇಬಿಟ್ರೆ ಮನೆ ಹೊರಗೆ ತಗೊಂಡ್ಹೋಗಿ ಮೃದು ಬ್ರಷ್ಷಲ್ಲಿ ಉದುರಿಸಿ, ಆಮೇಲೆ ನೀರು ಬೆರೆಸಿದ ಸ್ಪಿರಿಟ್ಟಲ್ಲಿ ಬಟ್ಟೆ ಅದ್ದಿ ಹಿಂಡಿ ತೆಳುವಾಗಿ ಒರೆಸಿ, ಮೊದ್ಲು ಕಾಣದ ಮೂಲೇಲಿ ಒರೆಸಿ ಬಣ್ಣ ಬಿಡತ್ತಾ ನೋಡ್ಕೊಳ್ಳಿ. ಕೊಬ್ಬರಿ ಎಣ್ಣೆ ಸವರಿದ್ರೆ ಮಿಂಚತ್ತೆ ನಿಜ, ನಾಲ್ಕು ದಿನಕ್ಕೆ ಜಿಡ್ಡು ಕಪ್ಪಾಗಿ ನಾರತ್ತೆ, ಬೂಷ್ಟಿಗೂ ಒಳ್ಳೆ ಊಟ. ಚರ್ಮಕ್ಕೆ ಅಂತಲೇ ಬರೋ ಕಂಡೀಷನರ್ ವರ್ಷಕ್ಕೆ ಒಂದು ಸಲ ಸ್ವಲ್ಪ ಹಾಕಿದ್ರೆ ಸಾಕು. ಮುಟ್ಟಿದ್ರೆ ಕೈಗೆ ಇಟ್ಟಿಗೆ ಬಣ್ಣದ ಪುಡಿ ಹತ್ತೋ ಚರ್ಮಕ್ಕೆ ಮಾತ್ರ ಏನೂ ಮಾಡೋಕಾಗಲ್ಲ, ರೆಡ್ ರಾಟ್ ಅಂತಾರೆ ಅದಕ್ಕೆ, ನಾರೇ ಒಳಗಿಂದ ಸತ್ತಿರತ್ತೆ, ಅಂಥದ್ದಕ್ಕೆ ದುಡ್ಡು ಕೊಡಬೇಡಿ.

ಮಾರೋದು, ರಿಪೇರಿ ಮಾಡ್ಸೋದು

ಶಿಕಾರಿ ಕಾಲದ ಮನೆಗಳಲ್ಲಿ ಜಾಕೆಟ್ ಕಾಲರಿಗೋ ಒಳಗಿನ ಪಟ್ಟಿಗೋ ಚಿರತೆ, ಹಾವು ಇಂಥದ್ರ ಚರ್ಮ ಹೊಲಿದಿದ್ರೆ ಅದನ್ನ ಫೋಟೋ ತೆಗೆದು ಆನ್‌ಲೈನಿಗೆ ಹಾಕೋಕೆ ಹೋಗಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮಾಲೀಕತ್ವದ ಸರ್ಟಿಫಿಕೇಟ್ ಇಲ್ದೆ ಅಂಥದ್ದು ಇಟ್ಕೊಳ್ಳೋದೇ ಅಪರಾಧ, ಮಾರೋದಂತೂ ದೂರದ ಮಾತು. 2023ರಲ್ಲಿ ಹುಲಿ ಉಗುರಿನ ಪೆಂಡೆಂಟ್ ವಿಷಯ ಎಷ್ಟು ದೊಡ್ಡದಾಯ್ತು ನೆನಪಿದೆಯಲ್ಲ. ವಕೀಲರನ್ನ ಕೇಳಿ ಮುಂದುವರೀರಿ.

ಹರಿದ ಹೊಲಿಗೆ, ಕಿತ್ತ ಲೈನಿಂಗ್ ಇದನ್ನ ಹಾಸನದಲ್ಲೂ ಚಿಕ್ಕಮಗಳೂರಲ್ಲೂ ಬ್ಯಾಗು, ಸೀಟ್ ಕವರ್ ಹೊಲಿಯೋರು ಮಾಡಿ ಕೊಡ್ತಾರೆ, ಅವರ ಮಷೀನಿಗೆ ದಪ್ಪ ಚರ್ಮ ತೂರೋ ಸೂಜಿ ಇರತ್ತೆ, ಮಾಮೂಲಿ ಟೈಲರ್ ಮಷೀನಲ್ಲಿ ಆಗಲ್ಲ. ಹಳೇ ತೂತುಗಳಲ್ಲೇ ಸೂಜಿ ಹಾಯಿಸಿ ಅಂತ ಮೊದ್ಲೇ ಹೇಳಿ. ಚರ್ಮಕ್ಕೆ ಒಂದ್ಸಲ ತೂತು ಬಿದ್ರೆ ಬಟ್ಟೆ ಹಾಗೆ ಮುಚ್ಕೊಳ್ಳಲ್ಲ, ತೂತಿನ ಪಕ್ಕ ತೂತು ಹೊಡೀತಾ ಹೋದ್ರೆ ಆ ಸಾಲೇ ಹರಿದು ಬರತ್ತೆ. ತೋಳು ಕತ್ತರಿಸಿ ಗಿಡ್ಡ ಮಾಡ್ಸೋದು, ಹೊಸ ಬಣ್ಣ ಹೊಡ್ಸೋದು ಎರಡೂ ಬೆಲೆ ಇಳಿಸತ್ತೆ. ಜಿಪ್ಪು ಪೂರ್ತಿ ಹೋಗಿದ್ರೆ ಹಾಕ್ಸಿ, ಬೇರೆ ದಾರಿ ಇಲ್ಲ, ಆದ್ರೆ ಕಿತ್ತ ಹಳೇ ಜಿಪ್ಪನ್ನ ರನ್ನರ್ ಸಮೇತ ಅವರ ಹತ್ರ ಕೇಳಿ ಇಸ್ಕೊಂಡು ಒಂದು ಕವರಿಗೆ ಹಾಕಿ ಜಾಕೆಟ್ ಜೇಬಲ್ಲೇ ಇಡಿ, ನಾಳೆ ಕೊಳ್ಳೋಕೆ ಬಂದೋನು ಮೊದ್ಲು ಕೇಳೋದು ಅದನ್ನೇ.